ಬರೀ ಮಣ್ಣಿಗೆ ನೀರು

ಮೊನ್ನೆ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಒಬ್ಬಾಕೆ ಲಿಲ್ಲಿ ಗೆಡ್ಡೆಗಳನ್ನು ಹರಡಿಕೊಂಡು ಕೂತಿದ್ದಳು. ಈರುಳ್ಳಿಯಂಥ ಗೆಡ್ಡೆ, ಒಣಮಣ್ಣಿನ ವಾಸನೆ. "ಸೀಸನ್ ಮುಗೀತಾ ಬಂತು ಮೇಡಂ, ಬೇಗ ತಗೊಳ್ಳಿ" ಎಂದಳು. ತರಕಾರಿಯನ್ನೂ ಕೊಳ್ಳದೆ ಮನೆಗೆ ಬಂದೆ.

ಶಂಕರಪುರಂನಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಓನರ್ ಇದ್ದರು, ರಿಟೈರಾದ ಟೀಚರ್. ಅವರ ಕೈಗುಣ ಬೀದಿಗೆಲ್ಲ ಗೊತ್ತಿತ್ತು. ಯಾರ ಮನೆಗೆ ಹೊಸ ತುಳಸಿ ಬಂದರೂ ಟೀಚರ್ ಕೈಯಲ್ಲೇ ನೆಡಿಸುತ್ತಿದ್ದರು. ಒಂದು ವರ್ಷ ಬಚ್ಚಲಲ್ಲಿ ಜಾರಿ ಅವರ ಬಲಗೈ ಮುರಿಯಿತು. ಶಿವರಾತ್ರಿ ಕಳೆದ ಕೂಡಲೇ ಮೇ ಲಿಲ್ಲಿಯ ಗೆಡ್ಡೆಗಳನ್ನು ನನ್ನ ಕೈಗಿಟ್ಟು, "ಯುಗಾದಿಯೊಳಗೆ ಕುಂಡಕ್ಕೆ ಹಾಕ್ಬಿಡಮ್ಮ. ಪ್ಲಾಸ್ಟರ್ ಬಿಚ್ಚಿದ್ಮೇಲೆ ನೀರು ನಾನೇ ಹಾಕ್ತೀನಿ. ಈ ಕೈಲಿ ಇನ್ನೂ ಗುಣ ಉಳಿದಿದ್ಯಾ ನೋಡೇಬಿಡೋಣ" ಎಂದು ನಕ್ಕರು.

ನಾನೋ, ಮಹಾ ಸೋಮಾರಿ. ಗೆಡ್ಡೆಗಳನ್ನು ಮೆಟ್ಟಿಲ ಕೆಳಗಿಟ್ಟು ಮರೆತೇಬಿಟ್ಟೆ. ಯುಗಾದಿಯ ದಿನ ಒಬ್ಬಟ್ಟು ಕೊಡುತ್ತಾ "ನೆಟ್ಯಾ?" ಎಂದರು. "ಓ, ಆಗ್ಲೇ ನೆಟ್ಟೆ" ಎಂದುಬಿಟ್ಟೆ! ನಾಳೆ ನೆಟ್ಟರಾಯಿತು ಎಂದುಕೊಂಡೆ. ಮರುದಿನ ನಾನು ಏಳುವಷ್ಟರಲ್ಲಿ ಅವರು ಪ್ಲಾಸ್ಟರ್ ಬಿಚ್ಚಿದ ಕೈಯಲ್ಲಿ ಚೊಂಬು ಹಿಡಿದು ನೀರು ಹಾಕುತ್ತಿದ್ದರು, ಬರೀ ಮಣ್ಣಿಗೆ. ಕಣ್ಣು ತಪ್ಪಿಸಿ ನೆಡೋಣವೆಂದರೆ ಇಡೀ ದಿನ ಆ ಕುಂಡದ ಪಕ್ಕದಲ್ಲೇ ಅವರ ಕುರ್ಚಿ.

ಮೇ ಬಂತು. ಅಕ್ಕಪಕ್ಕದ ಕಾಂಪೌಂಡುಗಳಲ್ಲೆಲ್ಲ ಕೆಂಪು ಚೆಂಡಿನಂಥ ಲಿಲ್ಲಿ ಅರಳಿತು. ನಮ್ಮ ಕುಂಡ ಬೋಳು. ಮೂಲೆಮನೆಯವರು ತುಳಸಿ ಸಸಿ ತಂದಾಗ ಟೀಚರ್ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಬೇಡ, ಬೇರೆಯವರ ಕೈಲಿ ನೆಡ್ಸಿ" ಎಂದರು. ನಾನು ಮೆಟ್ಟಿಲ ಮೇಲೇ ನಿಂತಿದ್ದೆ. ಆಗಲಾದರೂ ಬಾಯಿ ಬಿಡಬಾರದಿತ್ತೇ? ಅಂದಿನಿಂದ ಅವರು ಕುಂಡಕ್ಕೆ ನೀರು ಹಾಕುವುದನ್ನೂ ನಿಲ್ಲಿಸಿದರು.

ಅವರು ಡಾಕ್ಟರ ಹತ್ತಿರ ಹೋದ ಒಂದು ಮಧ್ಯಾಹ್ನ, ಕದ್ದುಮುಚ್ಚಿ ಗೆಡ್ಡೆಗಳನ್ನು ನೆಟ್ಟೆ. ಸೀಸನ್ ಕಳೆದುಹೋಗಿತ್ತು, ಹೂವಿನ ಆಸೆ ಇರಲಿಲ್ಲ. ಜೂನ್ ಮಳೆಗೆ ಎರಡು ಎಲೆ ಬಂದವು. ಕುಂಡವನ್ನೇ ಎತ್ತಿಕೊಂಡು ಓಡಿ ಅವರ ಮಂಚದ ಹತ್ತಿರ ಇಟ್ಟೆ.

"ನೋಡಿ ಟೀಚರ್, ಚಿಗುರಿದೆ!"

ಬಗ್ಗಿ ನೋಡಿದರು. ಮುಟ್ಟಲಿಲ್ಲ.

"ನೋಡ್ದ್ಯಾ... ನಾನು ನೀರು ಹಾಕೋದು ಬಿಟ್ಮೇಲೆ ಚಿಗುರ್ತು."

ಆಗಲೂ ನಿಜ ಹೇಳಲಿಲ್ಲ. "ಹಾಗೇನಿಲ್ಲ ಬಿಡಿ" ಎಂದೆ, ಅಷ್ಟೇ. ಆಮೇಲೆ ಅವರು ಯಾರ ಮನೆಯ ಗಿಡವನ್ನೂ ನೆಡಲಿಲ್ಲ.

ಅವರು ಹೋಗಿ ಎಷ್ಟೋ ವರ್ಷಗಳಾದವು. ಆ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಇವತ್ತು ಬರೆಯುತ್ತಿದ್ದೇನೆ. ಇದನ್ನು ಓದಬೇಕಾಗಿದ್ದವರು ಅವರೊಬ್ಬರೇ.