ಬೀಳುವುದನ್ನು ಕಲಿಯಲು ವಿಮಾನ ಹತ್ತಿದ್ದು

ನನಗೆ ಬೀಳುವುದು ಬರುತ್ತದೆ. ಇದು ಹೇಳಿಕೊಂಡು ತಿರುಗುವ ವಿದ್ಯೆಯಲ್ಲ, ಹೇಳಿಕೊಂಡು ತಿರುಗುವವಳೂ ನಾನಲ್ಲ. ನಾಲ್ಕು ಜನ ಕೂತಲ್ಲಿ ನನ್ನ ದನಿ ಗಂಟಲಿನ ತನಕ ಬಂದು, ಇಣುಕಿ ನೋಡಿ, ಮರಳಿ ಹೊಟ್ಟೆಗೆ ಹೋಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಅದಕ್ಕೇ ಮೊಮ್ಮಕ್ಕಳೇ, ಬರೆದಿಡುತ್ತಿದ್ದೇನೆ. ಬಬಲೇಶ್ವರದ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ತಿದ್ದಿದ ಅಕ್ಷರ ಇಷ್ಟು ವರ್ಷ ಕಿರಾಣಿ ಚೀಟಿಗಷ್ಟೇ ಉಪಯೋಗಕ್ಕೆ ಬಿದ್ದಿತ್ತು.

ನೋಡಿ, ನಡೆಯುವುದನ್ನು ಎಲ್ಲರಿಗೂ ಯಾರಾದರೂ ಕಲಿಸಿರುತ್ತಾರೆ. ಬೆರಳು ಹಿಡಿದು, ಚಪ್ಪಾಳೆ ತಟ್ಟಿ, ಒಂದು ಹೆಜ್ಜೆ ಇಟ್ಟರೆ ಊರಿಗೆಲ್ಲ ಸಕ್ಕರೆ ಹಂಚಿ ಕಲಿಸುತ್ತಾರೆ. ಬೀಳುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಮಗುವಾಗಿದ್ದಾಗ ಅದು ತಾನಾಗಿ ಬರುತ್ತಿರುತ್ತದೆ. ಕೂಸು ಕುಂಡೆ ಊರಿ ದೊಪ್ಪೆಂದು ಕೂತು, ಅಳಬೇಕೋ ನಗಬೇಕೋ ಎಂದು ಅವ್ವನ ಮುಖ ನೋಡುತ್ತದೆ. ದೊಡ್ಡವರಾದಂತೆ ಈ ಕಲೆ ಮರೆತುಹೋಗುತ್ತದೆ. ಮರೆತಿದೆ ಎಂಬುದು ನನಗೆ ಗೊತ್ತಾದದ್ದು ಅರವತ್ತಾರನೆಯ ವಯಸ್ಸಿನಲ್ಲಿ, ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ.

ಜಾರಿದೆ, ಕೈ ಊರಿದೆ, ಮಣಿಕಟ್ಟು ಮುರಿಯಿತು. ಒಂದೂವರೆ ತಿಂಗಳು ಪ್ಲಾಸ್ಟರು. ಮೂಳೆ ಕೂಡಿಕೊಂಡಿತು, ಆದರೆ ನನ್ನ ಸೋಮವಾರ ಮುರಿದದ್ದು ಮುರಿದೇ ಹೋಯಿತು. ಪ್ರತಿ ಸೋಮವಾರ ಬಸ್ಸು ಹಿಡಿದು ಒಬ್ಬಳೇ ಟಿಕೋಟಾಕ್ಕೆ ಹೋಗುತ್ತಿದ್ದೆ, ತಂಗಿ ಕಾಶವ್ವನ ಮನೆಗೆ. ಅವರ ದ್ರಾಕ್ಷಿ ತೋಟದ ಬದುವಿನ ಮೇಲೆ ಕೂತು ಇಬ್ಬರೂ ಮಾತಾಡುತ್ತಿದ್ದೆವು. ಮೂರು ಮಾತಿಗೊಮ್ಮೆ ನಗುವುದು, ಹತ್ತು ಮಾತಿಗೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು. ನಿಮ್ಮ ಅಜ್ಜ ಹೋದ ಮೇಲೆ ನನ್ನ ದನಿ ಗಂಟಲು ದಾಟುತ್ತಿದ್ದದ್ದು ಆ ಬದುವಿನ ಮೇಲೆ ಮಾತ್ರ. ಪ್ಲಾಸ್ಟರು ಬಿಚ್ಚಿದ ದಿನವೇ ನನ್ನ ಮಗ ಮಲ್ಲಪ್ಪ, ಅಂದರೆ ಭಾಗ್ಯಳ ಅಪ್ಪ, ಕಚೇರಿಯ ಆದೇಶದ ಧಾಟಿಯಲ್ಲಿ ಹೇಳಿದ:

“ಯವ್ವಾ, ಇನ್ನ ಟಿಕೋಟಾಕ್ಕ ಒಬ್ಬಾಕಿ ಹೋಗಬ್ಯಾಡ. ಹಾದ್ಯಾಗ ಬಿದ್ದರ ಯಾರ ಎತ್ತಾವ್ರು?”

ನಾನು “ಹೂಂ” ಅಂದೆ. ನನ್ನ ಜಗಳಗಳೆಲ್ಲ ಹೀಗೇ ಮುಗಿಯುತ್ತವೆ. ಆಮೇಲೆ ಹೋಗುವಾಗಲೆಲ್ಲ ಯಾರಾದರೊಬ್ಬರು ಜೊತೆಗೆ. ಜೊತೆಗೆ ಬಂದವರು ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದರೆ, ಬದುವಿನ ಮೇಲೆ ಎಂಥ ಮಾತು ಬಂದೀತು?

ಇನ್ನು ತಮಾಷೆ ಕೇಳಿ. ಇಪ್ಪತ್ತು ಕಿಲೋಮೀಟರ್ ಆಚೆಯ ಟಿಕೋಟಾಕ್ಕೆ ಬಿಡದ ಮಗ ನನ್ನನ್ನು ಸಮುದ್ರದಾಚೆಗೆ ಕಳಿಸಿದ. ಭಾಗ್ಯ ಇಬ್ರಾಹಿಂಪುರದ ಒಂದು ತಗಡಿನ ಶೆಡ್ಡಿನಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸುತ್ತಾಳೆ. ಕುಸ್ತಿಯಿಂದ ಅವಳು ಬ್ರೆಜಿಲಿಯನ್ ಜಿಯು-ಜಿತ್ಸು ಎಂಬ ಇನ್ನೊಂದಕ್ಕೆ ದಾಟಿದ್ದಳು. ಥಾಯ್ಲೆಂಡಿನ ಚಿಯಾಂಗ್ ಮಾಯ್ ಎಂಬ ಊರಿನ ಜಿಮ್ಮಿನಲ್ಲಿ ಹದಿನೈದು ದಿನ ತಾಲೀಮು ಮಾಡುವ ಅವಕಾಶ ಬಂತು. ಹುಡುಗಿ ಒಬ್ಬಳೇ ಹೋಗಬಾರದು ಎಂದ ಮಲ್ಲಪ್ಪ. ಅವನಿಗೂ ಸೊಸೆ ಸುನಂದಾಳಿಗೂ ರಜೆ ಇಲ್ಲ. ಮನೆಯಲ್ಲಿ ಇನ್ನೊಂದು ಪಾಸ್‌ಪೋರ್ಟ್ ಇದ್ದದ್ದು ನನ್ನ ಹತ್ತಿರ ಮಾತ್ರ.

ಅದು ನಿಮ್ಮ ಅಜ್ಜ ಮಾಡಿಸಿದ್ದು. ಬಸ್ಸಿನ ಕಂಡಕ್ಟರಾಗಿದ್ದರಲ್ಲ, ಜೀವಮಾನವಿಡೀ ವಿಜಯಪುರ, ಟಿಕೋಟಾ, ಬಬಲೇಶ್ವರ ಎಂದು ಕೂಗಿದವರು. “ಮುಂದಿನ ಸ್ಟಾಪ್ ಯಾವುದಂತ ನನಗ ಗೊತ್ತಿರಬಾರದು, ಅಂಥ ಊರಿಗೆ ಒಮ್ಮೆ ಹೋಗೂಣು” ಎನ್ನುತ್ತಿದ್ದರು. ಪಾಸ್‌ಪೋರ್ಟ್ ಬಂತು, ಅವರು ಹೋದರು. ಮುಂದಿನ ಸ್ಟಾಪ್ ಯಾವುದೆಂದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಹೀಗೆ ಭಾಗ್ಯಳನ್ನು ಕಾಯಲು ನಾನು, ನಾನು ಬೀಳದಂತೆ ಕಾಯಲು ಭಾಗ್ಯ, ಇಬ್ಬರೂ ವಿಮಾನ ಹತ್ತಿದೆವು. ಆ ಊರಿಗೂ ನಮ್ಮೂರಿನ ಹಾಗೆ ಹಳೆಯ ಕೋಟೆಗೋಡೆ, ಸುತ್ತ ಕಂದಕ. ನೋಡಿದ ಕೂಡಲೇ ಅರ್ಧ ಅಂಜಿಕೆ ಇಳಿಯಿತು. ಉಳಿದ ಅರ್ಧವನ್ನು ಚೀಲದಲ್ಲಿದ್ದ ಖಟಕ ರೊಟ್ಟಿ, ಶೇಂಗಾ ಹಿಂಡಿ ನೋಡಿಕೊಂಡವು.

ಈ ಜಿಯು-ಜಿತ್ಸು ನಮ್ಮ ಕುಸ್ತಿಗೆ ದೂರದ ನೆಂಟ. ಆದರೆ ಒಂದು ವಿಷಯದಲ್ಲಿ ಪೂರ್ತಿ ಉಲ್ಟಾ. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಅವರಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಆಟ ಶುರು. ನನಗೆ ಕುಸ್ತಿ ಗೊತ್ತಿದ್ದದ್ದೂ ಬಾಗಿಲ ತನಕ ಮಾತ್ರ. ನಾನು ಚಿಕ್ಕವಳಿದ್ದಾಗ ಬಬಲೇಶ್ವರದ ತಾಲೀಮು ಮನೆಯ ಮಣ್ಣನ್ನು ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುತ್ತಿದ್ದರು. ಮಜ್ಜಿಗೆಯ ಗಡಿಗೆ ಹೊತ್ತು ಒಯ್ಯುತ್ತಿದ್ದವಳು ನಾನು. ಹೊಸ್ತಿಲಲ್ಲಿ ಗಡಿಗೆ ಇಳಿಸಿ ತಿರುಗಿ ಬರಬೇಕು. ಹೆಣ್ಣುಮಕ್ಕಳು ಒಳಗೆ ಕಾಲಿಡುವ ಹಾಗಿರಲಿಲ್ಲ. ಒಳಗಿನಿಂದ ತೊಡೆ ತಟ್ಟುವ ಸಪ್ಪಳ ಕೇಳುತ್ತಿತ್ತು, ಅಷ್ಟೇ.

ಚಿಯಾಂಗ್ ಮಾಯ್‌ನಲ್ಲಿಯೂ ಮೂರು ದಿನ ಗೋಡೆಗೆ ಆತು ಕುರ್ಚಿಯ ಮೇಲೆ ಕೂತೆ. ನಾಲ್ಕನೆಯ ದಿನ ಅಲ್ಲಿಯ ಉಸ್ತಾದ, ಬ್ರೆಜಿಲ್ ದೇಶದವನು, ತಲೆ ಬೋಳು, ಎದೆ ಬೀಸುವ ಕಲ್ಲಿನಷ್ಟು ಅಗಲ, ನನ್ನ ಮುಂದೆ ಮಂಡಿಯೂರಿ ಕೂತು ಏನೋ ಕೇಳಿದ.

“ಆಯಿ, ನಿನ್ನ ಮಣಿಕಟ್ಟ ಯಾಕ ಸೊಟ್ಟ ಐತಿ ಅಂತ ಕೇಳಾಕತ್ತಾನ ಬೇ,” ಎಂದಳು ಭಾಗ್ಯ.

“ಬಚ್ಚಲದಾಗ ಬಿದ್ದೀನಂತ ಹೇಳು.”

ಅವಳು ಹೇಳಿದಳು. ಅವನು ಕೈ ಊರುವ ಅಭಿನಯ ಮಾಡಿ, ಬೆರಳಾಡಿಸಿ, ತಪ್ಪು ಎಂದ. ಆಮೇಲೆ ಇನ್ನೇನೋ ಹೇಳಿದ.

“ಬಾ, ಬೀಳೂದ ಕಲಸ್ತೀನಿ ಅಂತಾನ. ಬೀಳಾಕ ಬರೂವರಿಗೆ ಅಂಜಿಕಿ ಇರೂದಿಲ್ಲಂತ.”

ಆ ಮಾತು ಕೇಳಿದ ಕೂಡಲೇ ನನಗೆ ಕಂಡದ್ದು ಕಾಶವ್ವನ ತೋಟದ ಬದು. “ಹೂಂ” ಅಂದೆ. ನನ್ನ ಎಲ್ಲ ಜಗಳ ಮುಗಿಸುವ ಆ ಹೂಂ ಮೊದಲ ಬಾರಿ ಏನನ್ನೋ ಶುರು ಮಾಡಿತು.

ಕೌದಿಯಷ್ಟು ದಪ್ಪದ ಬಿಳಿ ಅಂಗಿ, ಪಾಯಜಾಮ, ಬಿಳಿ ಪಟ್ಟಿ ಕೊಟ್ಟರು. ನಿಮ್ಮ ಅಜ್ಜ ಹೋದಾಗಲೂ ನಾನು ಬಿಳಿ ಉಟ್ಟವಳಲ್ಲ, ಅವರೇ ಬೇಡವೆಂದು ಹೇಳಿ ಹೋಗಿದ್ದರು. ಉಟ್ಟದ್ದು ಅಲ್ಲಿ. ಎಲ್ಲಕ್ಕಿಂತ ಕಷ್ಟವಾದದ್ದು ತಲೆಯ ಮೇಲೆ ಸೆರಗಿಲ್ಲದ್ದು. ಗಂಡಸರು ಎದುರು ಬಂದಾಗಲೆಲ್ಲ ನನ್ನ ಕೈ ಅಂಗಿಯ ಕೊರಳಪಟ್ಟಿ ಹಿಡಿದು ತಲೆಯ ಮೇಲೆ ಎಳೆದುಕೊಳ್ಳುತ್ತಿತ್ತು. ಆ ಆಟದಲ್ಲಿ ಎದುರಾಳಿ ಮೊದಲು ಹಿಡಿಯುವುದೇ ಕೊರಳಪಟ್ಟಿಯನ್ನು. ನಾನು ಅದನ್ನು ತಲೆಯ ಮೇಲಿಟ್ಟುಕೊಂಡು ತಿರುಗುತ್ತಿದ್ದೆ.

ಬೀಳುವ ಪಾಠ ಹೀಗೆ: ಗದ್ದ ಎದೆಗೆ ಒತ್ತಬೇಕು, ಸೊಂಟದ ಪಟ್ಟಿಯ ಗಂಟು ನೋಡಬೇಕು, ಬೆನ್ನನ್ನು ತೊಟ್ಟಿಲ ಹಾಗೆ ಗುಂಡಗೆ ಮಾಡಿ ಹಿಂದಕ್ಕೆ ಉರುಳಬೇಕು, ಎರಡೂ ಕೈ ಚಾಚಿ ಅಂಗೈಯಿಂದ ನೆಲಕ್ಕೆ ಫಟ್ಟೆಂದು ಬಡಿಯಬೇಕು. ಬಿದ್ದ ಪೆಟ್ಟನ್ನು ಕೈ ಹಂಚಿಕೊಳ್ಳುತ್ತದೆ. ಬಡಿಯುವುದು ಹೊಸಬರಿಗೆ ಸಂಕೋಚವಂತೆ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದವಳಿಗೆ ಎಂಥ ಸಂಕೋಚ? ನನ್ನ ಮೊದಲ ಫಟ್ ಕೇಳಿ ಇಡೀ ಜಿಮ್ಮು ತಿರುಗಿ ನೋಡಿತು. ಉಸ್ತಾದ ಆರಡಿಯ ಗಂಡಸರನ್ನು ಸಾಲಾಗಿ ನಿಲ್ಲಿಸಿ, “ಹೀಗೆ ಬಡಿಯಿರಿ” ಎಂದು ನನ್ನನ್ನು ಮೂರು ಸಲ ಬೀಳಿಸಿದ. ಮದುವೆಗೆ ಹೆಣ್ಣು ನೋಡಲು ಬಂದಾಗ ಬಿಟ್ಟರೆ ಇಷ್ಟು ಜನ ನನ್ನನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಅಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಮರುದಿನ ನನಗೊಬ್ಬ ಜೋಡಿ ಕೊಟ್ಟರು. ಅವಳ ಹೆಸರು ನೋಯ್. ಸಂತೆಯಲ್ಲಿ ಶ್ಯಾವಿಗೆಯ ಅಂಗಡಿ ಇಟ್ಟ ಹೆಂಗಸು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ಉಸ್ತಾದ ನನ್ನನ್ನು ಅಂಗಾತ ಮಲಗಿಸಿ ಭಾಗ್ಯಳಿಗೆ ಏನೋ ಹೇಳಿದ.

“ಆಯಿ, ನೋಯ್ ಅವರ ಸೊಂಟಕ್ಕ ಎರಡೂ ಕಾಲ ಕೊಡಬೇಕಂತ.”

“ಹುಚ್ಚ ಹಿಡದೈತೇನ ಅವಗ? ಹೆಣ್ಣಮಗಳು, ನನ್ನ ವಾರಗಿಯಾಕಿ. ಅಕಿಗಿ ಒದಿ ಅಂತೀಯೇನ?”

“ಒದಿಯೂದಲ್ಲ ಬೇ. ಸುಮ್ಮ ಇಡೂದು. ದೂರ ತಡಿಯಾಕ.”

ಇಲ್ಲಿ ಸ್ವಲ್ಪ ನಮ್ಮ ಮನೆಯ ಶಾಸ್ತ್ರ ಹೇಳಬೇಕು. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಿಮಗೆಲ್ಲ ಇದನ್ನು ಕಲಿಸಿದವಳು ನಾನೇ. ಮನುಷ್ಯರಿಗಷ್ಟೇ ಅಲ್ಲ. ಪುಸ್ತಕಕ್ಕೆ ತಾಗಬಾರದು, ಮೊರಕ್ಕೆ ತಾಗಬಾರದು, ಕಸಬರಿಗೆಗೆ ತಾಗಬಾರದು, ಅಕ್ಕಿ ಅಳೆಯುವ ಸೇರಿಗೆ ತಾಗಬಾರದು. ಎಲ್ಲ ಬಿಟ್ಟು ಉಳಿಯುವುದು ನೆಲವೊಂದೇ. ಅದಕ್ಕೂ ಬೆಳಿಗ್ಗೆ ಎದ್ದು ಕೈ ಮುಗಿದ ಮೇಲೆಯೇ ಕಾಲೂರಬೇಕು. ಇಂಥ ಕಾಲುಗಳನ್ನು ಹೊತ್ತುಕೊಂಡು ನಾನು ಹೋದದ್ದು, ಕಾಲೇ ಕೈಯಾಗಿರುವ ಆಟಕ್ಕೆ.

ಶುರುವಾಯಿತು. ನನ್ನ ಕಾಲು ನೋಯ್‌ಳ ಸೊಂಟಕ್ಕೆ ತಾಗಿತು. ಕೂಡಲೇ ನನ್ನ ಕೈ, ಹಿಡಿದಿದ್ದ ಅವಳ ತೋಳು ಬಿಟ್ಟು, ಸೊಂಟ ಮುಟ್ಟಿ ಕಣ್ಣಿಗೆ ಬಂತು. ಅಷ್ಟರಲ್ಲಿ ಅವಳು ಬಂದು ಎದೆಯ ಮೇಲೆ ಕೂತಿದ್ದಳು. ಬಿಡಿಸಿ ಮತ್ತೆ ಶುರು. ಈ ಸಲ ಮೊಣಕಾಲಿಗೆ ತಾಗಿತು. ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ, ಕುತ್ತಿಗೆ ಸಿಕ್ಕಿಬಿತ್ತು. ಮೂರನೆಯ ಸಲ ನೋಯ್‌ಳ ಪಾದವೇ ನನ್ನ ಭುಜಕ್ಕೆ ತಾಗಿತು. ಆಗ ನೋಡಿ, ಅವಳ ಮುಖ ಕೆಂಪಾಗಿ, ಹಿಡಿತ ಬಿಟ್ಟು ನನಗೆ ಕೈ ಮುಗಿದಳು! ಅವರಲ್ಲೂ ಕಾಲು ತಾಗುವುದು ದೊಡ್ಡ ತಪ್ಪಂತೆ. ಇಷ್ಟು ದಿನ ತಡೆದುಕೊಂಡಿದ್ದಳು ಪಾಪ, ನನ್ನನ್ನು ನೋಡಿ ಧೈರ್ಯ ಬಂತು. ಆಮೇಲೆ ಐದು ನಿಮಿಷ ನಾನು ಅವಳನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಅವಳು ನನಗೆ ಕೈ ಮುಗಿಯುವುದು. ಕುಸ್ತಿ ಹೋಗಿ ಬೀಗರ ಭೇಟಿಯಾಯಿತು.

ಉಸ್ತಾದ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಭಾಗ್ಯಳನ್ನು ಕೇಳಿದ. ಅವಳು ವಿವರಿಸಿದಾಗ ಅವನು ನೆಲಕ್ಕೆ ಕೂತು ಕಣ್ಣೀರು ಬರುವ ತನಕ ನಕ್ಕ.

“ಯಾಕ ನಗತಾನ?”

“ನನ್ನ ಸಲುವಾಗಿ ಬೇ! ನಾಕ ದಿನದಿಂದ ಕೇಳಾಕತ್ತಾನ, ನನ್ನ ಬಲಗೈ ನಡುನಡುವ ಯಾಕ ಕಣ್ಣಿಗಿ ಹೋಗತೈತಿ ಅಂತ. ನನಗ ಗೊತ್ತ ಇರಲಿಲ್ಲ. ಎಲ್ಲಾ ನೀ ಕಲಿಸಿದ್ದ!”

ಕೊನೆಗೆ ದಾರಿ ಹೊಳೆದದ್ದು ನಿಮ್ಮ ಅಜ್ಜನ ಬಸ್ಸಿನಿಂದ. ದಿನದ ಪಾಸು ಇದ್ದವರು ಪ್ರತಿ ಬಸ್ಸಿಗೂ ಬೇರೆ ಟಿಕೆಟ್ ತೆಗೆಯುತ್ತಾರೆಯೇ? ಮರುದಿನ ಶುರುವಿಗೆ ಮುಂಚೆಯೇ ನೋಯ್‌ಳ ಮುಂದೆ ಕೂತು ಎರಡೂ ಕೈಯಿಂದ ಅವಳನ್ನು ಮುಟ್ಟಿ, ಇವತ್ತು ತಾಗುವ ಅಷ್ಟೂ ಕಾಲಿಗೆ ಒಮ್ಮೆಲೇ ಕಣ್ಣಿಗೊತ್ತಿಕೊಂಡೆ. ಅವಳೂ ಒಟ್ಟಿಗೇ ಕೈ ಮುಗಿದು ಮುಗಿಸಿದಳು. ಆಮೇಲೆ ಹೊರಳಾಡಿದೆವು ನೋಡಿ! ಇಡೀ ಹತ್ತು ದಿನದಲ್ಲಿ ನಾನು ಒಂದು ಸಲವೂ ಗೆಲ್ಲಲಿಲ್ಲ. ಆದರೆ ಬೀಳಲು ಬಂತು, ಬಿದ್ದಲ್ಲಿಂದ ಒಂದು ಕೈ ಹಿಂದೆ ಊರಿ, ಒಂದು ಕಾಲು ಮಡಚಿ, ಸೊಂಟ ಎತ್ತಿ ಏಳಲೂ ಬಂತು. ಹೊರಡುವ ದಿನ ನೋಯ್ ಶ್ಯಾವಿಗೆ ಕಟ್ಟಿಕೊಟ್ಟಳು, ನಾನು ಉಳಿದ ರೊಟ್ಟಿ ಕೊಟ್ಟೆ. ಹತ್ತು ದಿನ ಒಬ್ಬರ ಕುತ್ತಿಗೆ ಒಬ್ಬರು ಹಿಚುಕಿದವರಿಗೆ ಬೀಳ್ಕೊಡುವಾಗ ಅಳು ಬಂತು.

ಮನೆಗೆ ಬಂದ ಮೇಲೆ ಭಾಗ್ಯಳಿಂದ ಆಣೆ ಮಾಡಿಸಿಕೊಂಡಿದ್ದೆ, ಯಾರಿಗೂ ಹೇಳಬಾರದೆಂದು. ನಾನೇ ಹೇಳಬೇಕೆಂದಿದ್ದೆ. “ಮಲ್ಲಪ್ಪಾ, ಸೋಮವಾರ ನಾ ಒಬ್ಬಾಕೀನ ಹೋಗತೀನಿ” ಎಂಬ ಮಾತನ್ನು ಮೂರು ವಾರ ಗಂಟಲಿನ ತನಕ ತಂದೆ. ಅದು ಇಣುಕಿ ನೋಡಿ ಮರಳಿ ಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಸುನಂದಾ ಬಾಗಿಲ ಮುಂದಿನ ಫರಸಿ ಕಲ್ಲನ್ನು ಸೋಪಿನ ಪುಡಿ ಹಾಕಿ ತೊಳೆಯುತ್ತಿದ್ದಳು. ಮಲ್ಲಪ್ಪ ಹೊರಗೆ ಕನ್ನಡಿ ತೂಗುಹಾಕಿ ದಾಡಿ ಮಾಡಿಕೊಳ್ಳುತ್ತಿದ್ದ. ನಾನು ಹಾಲಿನ ಪಾಕೀಟು ತರಲು ಹೊಸ್ತಿಲು ದಾಟಿದೆ, ಜಾರಿದೆ. ಗದ್ದ ಎದೆಗೆ ಹೋಯಿತು, ಬೆನ್ನು ತೊಟ್ಟಿಲಾಯಿತು, ಫಟ್! ಆಮೇಲೆ ಕೈ ಊರಿ, ಕಾಲು ಮಡಚಿ, ಎದ್ದು ನಿಂತೆ. ಎಲ್ಲ ಆಗಿ ಮುಗಿದ ಮೇಲೆ ನನಗೆ ಬಿದ್ದೆನೆಂದು ಗೊತ್ತಾಯಿತು.

ಮಲ್ಲಪ್ಪನ ಅರ್ಧ ಮುಖದಲ್ಲಿ ನೊರೆ, ಇನ್ನರ್ಧದಲ್ಲಿ ಗಾಬರಿ. “ಯವ್ವಾ! ಎಲ್ಲಿ ಬಡೀತು?”

“ಎಲ್ಲೂ ಇಲ್ಲ. ನಾನ ಬಡದೀನಿ, ನೆಲಕ್ಕ.”

ಭಾಗ್ಯ ಒಳಗಿನಿಂದ ಓಡಿಬಂದು ನೋಡಿ, ಆಣೆ ಮರೆತು ಎಲ್ಲ ಹೇಳಿಬಿಟ್ಟಳು. ಮಲ್ಲಪ್ಪ ನಂಬಲಿಲ್ಲ. ಕಚೇರಿಯವನಲ್ಲವೇ, ಪುರಾವೆ ಬೇಕು. “ಇನ್ನೊಮ್ಮೆ ಬೀಳ ನೋಡೂನು” ಎಂದ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಬಿದ್ದು ತೋರಿಸಿದೆ. ಸುನಂದಾ, “ಅತ್ತಿ, ನನಗೂ ಕಲಸ್ರಿ” ಎಂದು ಸೆರಗು ಸೊಂಟಕ್ಕೆ ಸಿಗಿಸಿದಳು. ಆ ಗದ್ದಲದಲ್ಲಿ, ನೆಲದ ಮೇಲೆ ಅಂಗಾತ ಮಲಗಿದ್ದಾಗಲೇ, ನನ್ನ ದನಿ ದಾರಿ ಕಂಡುಕೊಂಡು ಹೊರಗೆ ಬಂತು.

“ನಾಳಿ ಟಿಕೋಟಾಕ್ಕ ಹೋಗತೀನಿ.”

“ಯಾರ ಜೋಡಿ?”

“ಚೀಲದ ಜೋಡಿ.”

ಮಲ್ಲಪ್ಪ ನೊರೆ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. “ಮುಟ್ಟಿದ ಕೂಡಲೇ ಫೋನ್ ಮಾಡು,” ಎಂದ.

ಸೋಮವಾರ ಬಸ್ಸು ಹತ್ತಿದೆ. ಎಳೆಯ ವಯಸ್ಸಿನ ಕಂಡಕ್ಟರು, “ಅಮ್ಮಾರ, ಗಟ್ಟಿ ಹಿಡ್ಕೋರಿ, ಬೀಳ್ತೀರಿ” ಎಂದ.

“ನನಗ ಬೀಳಾಕ ಬರತೈತಿ. ನೀ ಗಾಡಿ ಬಿಡಸೋ ಯಪ್ಪಾ,” ಅಂದೆ. ಹೌದು, ನಾನೇ, ಅಷ್ಟು ಜನರ ನಡುವೆ.

ಊರು ದಾಟುವಷ್ಟರಲ್ಲಿ ಪಕ್ಕದಲ್ಲಿ ನಿಂತ ಹೆಂಗಸಿನ ಕಾಲಿಗೆ ನನ್ನ ಕಾಲು ತಾಗಿತು. ಕಲಿತದ್ದೆಲ್ಲ ಮರೆತು ನನ್ನ ಕೈ ಕಂಬಿ ಬಿಟ್ಟು, ಅವಳನ್ನು ಮುಟ್ಟಿ ಕಣ್ಣಿಗೆ ಹೋಯಿತು. ಸರಿಯಾಗಿ ಆಗಲೇ ಡ್ರೈವರು ಬ್ರೇಕು ಒತ್ತಿದ. ಗದ್ದ ಎದೆಗೆ ಒತ್ತಿದೆ, ಬೆನ್ನು ಗುಂಡಗೆ ಮಾಡಿದೆ, ಬೀಳಲು ಪೂರ್ತಿ ಸಿದ್ಧಳಾದೆ. ಆದರೆ ಎಲ್ಲಿಗೆ ಬೀಳುವುದು? ಹಿಂದೊಬ್ಬರು, ಮುಂದೊಬ್ಬರು, ಬಗಲಲ್ಲಿ ಬದನೆಕಾಯಿ ಬುಟ್ಟಿ. ನಾನು ಕಣ್ಣಿಗೊತ್ತಿಕೊಂಡ ಆ ಹೆಂಗಸೇ ನನ್ನ ರಟ್ಟೆ ಹಿಡಿದು, “ನಿಲ್ಲ ಬೇ ಯವ್ವಾ” ಎಂದು ನೆಟ್ಟಗೆ ನಿಲ್ಲಿಸಿದಳು. ಟಿಕೋಟಾ ಬರುವ ತನಕ ಬಿಡಲಿಲ್ಲ.