ಅಕ್ಕನ ಮೂರು ಚಾಳೀಸು

ಲಕ್ಷ್ಮೇಶ್ವರದ ಬಜಾರಿನಲ್ಲಿ ನನ್ನದೊಂದು ಚಾಳೀಸಿನ ಅಂಗಡಿ. ಇಪ್ಪತ್ತು ವರ್ಷ ಜನರ ಕಣ್ಣಿನ ನಂಬರು ತೆಗೆದವನಿಗೆ ಸ್ವಲ್ಪ ಜಂಬ ಬರದೇ ಇರುತ್ತದೆಯೇ? ನನಗಂತೂ ಬೇಕಾದಷ್ಟು ಬಂದಿತ್ತು. ಗದಗಿನ ಕಣ್ಣಿನ ಡಾಕ್ಟರಿಗೆ ತೋರಿಸುತ್ತೇವೆ ಅಂದವರನ್ನು, "ಹೋಗ್ರಿ, ದಿನಗಟ್ಲೆ ಪಾಳಿ ಹಚ್ಚಿ ಬರ್ರಿ" ಎಂದು ಚುಚ್ಚಿಯೇ ಕಳಿಸುತ್ತಿದ್ದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಶಿರಹಟ್ಟಿಗೆ ಕೊಟ್ಟಿದ್ದ ನಮ್ಮಕ್ಕನಿಗೆ ಮಾತ್ರ ನಾನೇ ಮದ್ದು. ತಲೆನೋವು ಶುರುವಾದಾಗ ಬಸ್ಸು ಹತ್ತಿ ಸೀದಾ ನನ್ನ ಅಂಗಡಿಗೇ ಬಂದಳು.

"ರೊಟ್ಟಿ ಬಡಿಯಾಕ ಬಗ್ಗಿದ್ರ ತಲಿ ಒಡದಂಗ ಆಗತೈತಿ ತಮ್ಮಾ. ಕಣ್ಣಿಗೆ ಕತ್ತಲಿ ಬರತೈತಿ. ಅಡ್ಡಾದ್ರ ಹೋಗಿಬಿಡತೈತಿ."

"ಅಡ್ಡಾಗಾಕ ನಿನಗೊಂದು ನೆವ ಸಿಕ್ತು ಬಿಡು," ಎಂದು ನಕ್ಕೆ. ಆಕೆಯೂ ನಕ್ಕಳು.

ಗೋಡೆಗೆ ತೂಗುಹಾಕಿದ್ದ ಅಕ್ಷರದ ಹಲಗೆ ಓದಿಸಿ ಸಣ್ಣ ನಂಬರಿನ ಚಾಳೀಸು ಕೊಟ್ಟೆ. ಎರಡು ತಿಂಗಳಿಗೆ ಮತ್ತೆ ಬಂದಳು, ನಂಬರು ಏರಿಸಿದೆ. ಮೂರನೇ ಸಲ, ಬೆಳಿಗ್ಗೆ ವಾಂತಿಯೂ ಆಗುತ್ತದೆ ಅಂದಳು. ಪಿತ್ತ ಇರಬೇಕು ಅಂದು ನಂಬರು ಮತ್ತೆ ಬದಲಿಸಿದೆ. ಹಲಗೆಯ ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ಅಕ್ಕ ತಡವರಿಸದೆ ಓದಿದಳು. ನಾನು ಗಿರಾಕಿಗಳ ಕಡೆ ತಿರುಗಿ, "ನೋಡ್ರಿ, ಹೆಂಗ ಓದ್ತಾಳ!" ಅಂದೆ.

ವಾರದೊಳಗೆ ಒಲೆಯ ಮುಂದೆ ಬಗ್ಗಿದವಳು ಹಾಗೇ ಉರುಳಿದಳು. ಗದಗಿಗೆ ಒಯ್ದೆವು. ಎಚ್ಚರಾದ ಮೇಲೆ ಕಣ್ಣಿನ ಡಾಕ್ಟರು ಬೇರೊಂದು ಹಲಗೆ ತೋರಿಸಿದರು. ಅಕ್ಕ ಎರಡನೇ ಸಾಲಿಗೇ ನಿಂತಳು. ಬೆಳಕು ಬಿಟ್ಟು ನೋಡಿದ ಡಾಕ್ಟರು, "ಕಣ್ಣಿನ ನರ ಬಾತಾವ, ಜಲ್ದಿ ತಲಿ ಸ್ಕ್ಯಾನ್ ಮಾಡಿಸ್ರಿ," ಅಂದರು.

"ನನ್ನ ಅಂಗಡ್ಯಾಗ ಹೆಂಗ ಓದಿದಿ?" ಎಂದು ಕೇಳಿದೆ.

"ಕುಂತು ಕುಂತು ಬಾಯಿಪಾಠ ಆಗಿತ್ತಪಾ. ಗಿರಾಕಿ ಮುಂದ ನಿನ್ನ ಮರ್ಯಾದಿ ಹೋಗಬಾರದಲ್ಲ."

ಸ್ಕ್ಯಾನ್ ಹಿಡಿದು ಹುಬ್ಬಳ್ಳಿಗೆ ಹೋದೆವು. ಅಲ್ಲಿಯ ಡಾಕ್ಟರು ನಮಗೆ ತಿಳಿಯುವ ಹಾಗೆ ಹೇಳಿದರು. ಮಿದುಳಿನೊಳಗೆ ನೀರಿನ ಕೋಣೆಗಳಿರುತ್ತವೆ. ಆ ನೀರು ಹರಿಯುವ ಕಿಂಡಿಯ ಬಾಯಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡ ಗುಳ್ಳೆ, ಕಾಲುವೆಗೆ ಹೆಂಟೆ ಅಡ್ಡ ಬಿದ್ದ ಹಾಗೆ. ಬಗ್ಗಿದರೆ ಅದು ಬಾಯಿ ಮುಚ್ಚುತ್ತದೆ, ಅಡ್ಡಾದರೆ ಸರಿಯುತ್ತದೆ. ಬಹಳ ಅಪರೂಪದ್ದು, ಆದರೆ ನೋವಿನ ರೀತಿ ಕೇಳಿದರೆ ಸಂಶಯ ಬರಬೇಕು ಅಂದರು.

"ಬಗ್ಗಿದ್ರ ಬರತೈತಿ, ಅಡ್ಡಾದ್ರ ಹೋಗತೈತಿ ಅಂತ ಮೊದಲ ಯಾರಿಗೂ ಹೇಳಿದ್ದಿಲ್ಲೇನ್ರಿ?"

"ಇಲ್ರಿ," ಅಂದಳು ಅಕ್ಕ.

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನನ್ನ ನಾಲಿಗೆಗೆ ಏನಾಗಿತ್ತೋ, ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ತಲೆಗೆ ಸಣ್ಣ ತೂತು ಕೊರೆದು, ದುರ್ಬೀನು ಇಳಿಸಿ ಗುಳ್ಳೆ ತೆಗೆದರು. ತಲೆನೋವು ನಿಂತಿತು, ಜೀವ ಉಳಿಯಿತು. ಕಣ್ಣಿನ ನರ ಮಾತ್ರ ಅಷ್ಟರಲ್ಲಿ ಸೋತಿತ್ತು. ಕೆಲವು ತಿಂಗಳು ಮೊದಲೇ ಕರೆತಂದಿದ್ದರೆ ದೃಷ್ಟಿ ಉಳಿಯುತ್ತಿತ್ತಂತೆ. ಆ ತಿಂಗಳುಗಳನ್ನು ನಾನು ಮೂರು ಚಾಳೀಸು ಮಾಡುವುದರಲ್ಲಿ ಕಳೆದಿದ್ದೆ. ಈಗ ಅಕ್ಕನಿಗೆ ಬೆಳಕು ಯಾವುದು, ನೆರಳು ಯಾವುದು ಅಷ್ಟೇ ತಿಳಿಯುತ್ತದೆ.

ಗದಗಿನಿಂದ ಬಂದ ದಿನವೇ ಆ ಹಲಗೆಯನ್ನು ಗೋಡೆಯಿಂದ ತೆಗೆದು ಎಸೆದಿದ್ದೆ. ಈಗ ಕೈಯಲ್ಲಿ ಹಿಡಿದು ತೋರಿಸುವ ಹಲಗೆಗಳನ್ನು ಬದಲಿಸುತ್ತಾ ಓದಿಸುತ್ತೇನೆ. ತಲೆನೋವು ಅಂದವರನ್ನು ಬಗ್ಗಿದರೆ ಹೇಗಾಗುತ್ತದೆ ಎಂದು ಕೇಳುತ್ತೇನೆ, ಸಂಶಯ ಬಂದರೆ ಗದಗಿಗೆ ಕಳಿಸುತ್ತೇನೆ. ಆಗ ಈ ಬುದ್ಧಿ ಎಲ್ಲಿ ಹೋಗಿತ್ತು?

ಕಳೆದ ತಿಂಗಳು ಭಾವ ಕೈಹಿಡಿದು ಅಕ್ಕನನ್ನು ಅಂಗಡಿಗೆ ಕರೆತಂದರು. ಮೂರನೇ ಚಾಳೀಸು ಹಾಕಿಕೊಂಡೇ ಬಂದಿದ್ದಳು. ಗದಗಿಗೆ ಹೋಗಿ ತೋರಿಸು ಅಂದದ್ದಕ್ಕೆ ಸಿಟ್ಟಾಗಿದ್ದ ಗಿರಾಕಿಯೊಬ್ಬ, "ನಿಮಗ ನಂಬರ ತಗಿಯಾಕ ಬರತೈತೋ ಇಲ್ಲೋ?" ಎಂದು ಜೋರು ಮಾಡುತ್ತಿದ್ದ.

ಅಕ್ಕ ತಡವಿಕೊಂಡು ಹೋಗಿ, ನಂಬರು ತೆಗೆಯಲು ನಾನು ಕೂರಿಸುವ ಕುರ್ಚಿಯಲ್ಲಿ ಕುಳಿತಳು. ಬರೀ ಮೊಳೆಯಷ್ಟೇ ಉಳಿದಿದ್ದ ಗೋಡೆಯ ಕಡೆ ಮುಖ ಮಾಡಿ, ಗಟ್ಟಿ ದನಿಯಲ್ಲಿ ಮೊದಲಿನಿಂದ ಕೊನೆಯ ಸಾಲಿನವರೆಗೆ ಒಂದಕ್ಷರವೂ ತಪ್ಪದಂತೆ ಓದಿದಳು.