ಕಂಚಿನ ಬದಲಿಗೆ ಕಾರ್ಬನ್

ಹರಿಹರದ ಕೈಗಾರಿಕಾ ಪ್ರದೇಶದಲ್ಲಿ ಬಕ್ಕೇಶ್ ಅವರದೊಂದು ಸಣ್ಣ ಕಾರ್ಖಾನೆ ಇದೆ. ಟೆಫ್ಲಾನ್ ರಿಂಗು, ಬುಷ್ಷು, ಸೀಲು ಮಾಡುತ್ತಾರೆ. ಅಲ್ಲಿ ಏಸಿ ಇರುವುದು ಒಂದೇ ಕೋಣೆಗೆ, ಮತ್ತೆ ಅದು ಮಾಲೀಕರ ಕೋಣೆಯಲ್ಲ! ಮಾಲೀಕರ ತಲೆಯ ಮೇಲೆ ಕಿರ್ರೆನ್ನುವ ಹಳೇ ಫ್ಯಾನು. ಏಸಿ ಇರುವುದು ಪುಡಿ ಬೆರೆಸುವ ಕೋಣೆಗೆ, ಆ ಕೋಣೆಯ ಯಜಮಾನಿ ಓಬವ್ವ. ಬೆಳಿಗ್ಗೆ ತನ್ನೂರು ಬಾತಿಯಿಂದ ಬಸ್ಸು ಹಿಡಿದು ಅವಳು ಗೇಟಿನೊಳಗೆ ಕಾಲಿಟ್ಟರೆ ಲೇತಿನ ಹುಡುಗರು "ಏಸಿ ರಾಣಿ ಬಂದ್ಲು, ದಾರಿ ಬಿಡ್ರಪ್ಪೋ" ಎನ್ನುತ್ತಾರೆ.

"ಏಸಿ ನನಗಲ್ಲ ಕಣ್ರಲೇ, ಪುಡಿಗೆ. ಬಿಸಿ ತಾಕಿದ್ರೆ ಅದಕ್ಕೆ ಸಿಟ್ಟು ಬಂದು ಮುದ್ದೆ ಕಟ್ಟತೈತೆ. ನನಗೆ ಬಿಸಿ ತಾಕದಿದ್ರೂ ಬರತೈತೆ, ಹುಷಾರು," ಎಂದು ಅವಳ ಉತ್ತರ.

ಸುಳ್ಳೇನಲ್ಲ. ಹಾಲಿನ ಪುಡಿಯಂತೆ ಕಾಣುವ ಆ ಬಿಳಿ ಟೆಫ್ಲಾನ್ ಪುಡಿ ತಂಪಿನಲ್ಲಿದ್ದರೆ ಮಾತ್ರ ಜರಡಿಯಿಂದ ಸಲೀಸಾಗಿ ಇಳಿಯುತ್ತದೆ. ಆದರೆ ಬರೀ ಅದರಿಂದಲೇ ರಿಂಗು ಮಾಡಿದರೆ ಬಾಳಿಕೆ ಬರುವುದಿಲ್ಲ, ನುಣುಪಾಗಿದ್ದರೂ ಬಲು ಮೆದು. ಒತ್ತಡಕ್ಕೆ ಚಪ್ಪಟೆಯಾಗುತ್ತದೆ, ಉಜ್ಜಿದರೆ ಸವೆಯುತ್ತದೆ. ಅದಕ್ಕೇ ಗಾಜಿನ ಎಳೆಯ ಚೂರು, ಕಂಚಿನ ಪುಡಿ, ಕಾರ್ಬನ್, ಗ್ರಾಫೈಟ್, ಹೀಗೆ ಏನಾದರೊಂದನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಓವನ್ನಿನಲ್ಲಿ ನಿಧಾನವಾಗಿ ಬೇಯಿಸಿ, ಆರಿದ ಮೇಲೆ ಅಳತೆಗೆ ಕಡೆಯಲು ಲೇತಿಗೆ ಕೊಡಬೇಕು. ಯಾವುದಕ್ಕೆ ಏನು ಬೆರೆಸಬೇಕು ಎನ್ನುವುದರಲ್ಲೇ ಇರುವುದು ಎಲ್ಲ.

ಕಸ ಗುಡಿಸಲು ಸೇರಿದ ಓಬವ್ವ ಈ ಹದಿನೆಂಟು ವರ್ಷಗಳಲ್ಲಿ ಅದನ್ನೆಲ್ಲ ನೋಡಿ ನೋಡಿಯೇ ಕಲಿತಳು. ಓದಿದ್ದು ಏಳನೇ ಕ್ಲಾಸು. ಯಾವ ಮಾಲು ವಾಪಸು ಬಂದರೂ ಅದನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಕೆರೆದು, "ಇದು ಎಲ್ಲಿ ಓಡ್ತಿತ್ತು? ನೀರಾಗೋ, ಎಣ್ಣೆಯಾಗೋ, ಒಣ ಗಾಳಿಯಾಗೋ?" ಎಂದು ಕೇಳುತ್ತಿದ್ದಳು. ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಕೊನೆಗೆ ಬಕ್ಕೇಶರೇ ಬೆರೆಸುವ ಕೋಣೆಯ ಬೀಗದ ಕೈ ಅವಳಿಗೆ ಕೊಟ್ಟರು.

ಈ ಬೇಸಿಗೆಯಲ್ಲಿ ಆ ಬೀಗದ ಕೈಗೇ ಕುತ್ತು ಬಂತು.

ದಾವಣಗೆರೆಯ ಅಕ್ಕಿ ಗಿರಣಿಗಳಲ್ಲಿ ಕಪ್ಪುಕಾಳು ಬೇರ್ಪಡಿಸುವ ಯಂತ್ರಗಳಿವೆ. ಅವುಗಳಿಗೆ ಗಾಳಿ ಊದುವ ಕಂಪ್ರೆಸರಿನೊಳಗೆ ಎಣ್ಣೆಯ ಒಂದು ಹನಿಯೂ ಇರಬಾರದು, ಅಕ್ಕಿ ಕೆಡುತ್ತದೆ. ಎಣ್ಣೆಯಿಲ್ಲದೆ ಓಡುವ ಆ ಪಿಸ್ಟನ್ನಿಗೆ ಟೆಫ್ಲಾನ್ ರಿಂಗೇ ಬೇಕು. ಈ ಕಂಪ್ರೆಸರುಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಇಮಾಮ್ ಸಾಬ್. ಅವರು ಹೂಂ ಅಂದ ರಿಂಗನ್ನೇ ಗಿರಣಿಯವರು ಕೊಳ್ಳುವುದು. ಕಂಚು ಬೆರೆಸಿದ ರಿಂಗು ಕುಚ್ಚಲಕ್ಕಿ ಗಿರಣಿಯ ಹಬೆಗೆ ಹಸಿರುಗಟ್ಟಿ, ಅಲ್ಯೂಮಿನಿಯಂ ಸಿಲಿಂಡರನ್ನು ಗೀರುತ್ತಿದೆ ಎಂದು ಅವರು ದೂರು ತಂದರು. ಬಕ್ಕೇಶ್, "ಕಂಚು ಬಿಟ್ಟು ಕಾರ್ಬನ್ ಹಾಕಿ ಕೊಡ್ತೀವಿ ಬಿಡ್ರಿ" ಎಂದು ಮಾತು ಕೊಟ್ಟರು.

ಬಕ್ಕೇಶರ ತಂಗಿಯ ಮಗಳು ವಾಣಿ ಆಗಷ್ಟೇ ಇಂಜಿನಿಯರಿಂಗ್ ಮುಗಿಸಿ ಕಾರ್ಖಾನೆಗೆ ಸೇರಿದ್ದಳು. ಯಾವ ಪುಡಿ ಎಷ್ಟು ಎಂಬ ಹೊಸ ಚೀಟಿ ಬರೆದದ್ದು ಅವಳೇ. ಹಳೇ ಚೀಟಿಯಲ್ಲಿ ನೂರಕ್ಕೆ ನಲವತ್ತು ಭಾಗ ಕಂಚು ಎಂದಿತ್ತು. ಅವಳು ಕಂಚನ್ನು ಹೊಡೆದುಹಾಕಿ ಕಾರ್ಬನ್ ಎಂದು ಬರೆದಳು. ನಲವತ್ತು ಹಾಗೇ ಉಳಿಯಿತು. ಕೆಳಗೆ ಬಕ್ಕೇಶರ ಸಹಿ.

ಅಂದು ತಕ್ಕಡಿಯಲ್ಲಿ ಕಾರ್ಬನ್ ತೂಗಿ ಸುರಿಯುವಾಗಲೇ ಓಬವ್ವನಿಗೆ ಅನುಮಾನ ಬಂತು. ಯಾವಾಗಲೂ ಅರ್ಧಕ್ಕೆ ನಿಲ್ಲುತ್ತಿದ್ದ ಡ್ರಮ್ಮು ಅಂಚಿನವರೆಗೆ ತುಂಬಿ ನಿಂತಿತ್ತು. ಬಿಳಿ ಪುಡಿ ಎಲ್ಲಿದೆ ಎಂದು ಹುಡುಕಬೇಕಾದಷ್ಟು ಕಪ್ಪು. ಬೇರೆ ದಿನವಾಗಿದ್ದರೆ ಬೊಬ್ಬೆ ಹೊಡೆದು ಕಾರ್ಖಾನೆಯನ್ನೇ ಒಟ್ಟುಗೂಡಿಸುತ್ತಿದ್ದಳು. ಆದರೆ ಹೊಸ ಹುಡುಗಿ, ಸಾವ್ಕಾರರ ಸ್ವಂತ ಸೋದರ ಸೊಸೆ, ಓದಿದವಳು. 'ಹುಡುಗಿ ಬಂದು ಎರಡು ವಾರ ಆಗಿಲ್ಲ, ಆಗಲೇ ಹೊಟ್ಟೆಕಿಚ್ಚು ಪಟ್ಟಳು ಅಂದಾರು' ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡು ಬೆರೆಸಿಬಿಟ್ಟಳು. ಮಾತೇ ಬಂಡವಾಳವಾಗಿದ್ದ ಹೆಂಗಸು ಬಾಯಿ ಮುಚ್ಚಿದ್ದು ಅದೊಂದೇ ದಿನ, ಅದೂ ಬೇಡವಾದ ದಿನ!

ಹತ್ತು ದಿನ ಬಿಟ್ಟು ಇಮಾಮ್ ಸಾಬ್ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಬಕ್ಕೇಶರ ಮೇಜಿನ ಮೇಲೆ ಅದನ್ನು ಬಗ್ಗಿಸಿದರು. ಮುರಿದ ಕರಿಬಳೆಗಳಂತೆ ರಿಂಗಿನ ಚೂರುಗಳು ಉರುಳಿದವು.

"ಓಡಿ ಮುರಿದಿದ್ರೆ ಮಾತು ಬ್ಯಾರೆ ಇತ್ತು ಬಕ್ಕೇಶಣ್ಣ," ಎಂದರು. "ಪಿಸ್ಟನ್ನಿಗೆ ಏರಿಸಾಕೆ ಸ್ವಲ್ಪ ಬಾಯಿ ಅಗಲಿಸಿದೆ, ಪಟಕ್ಕಂತು. ಒಂದಲ್ಲ, ಹನ್ನೆರಡೂ! ಗಿರಣಿಯವ್ರ ಮುಂದೆ ನನ್ನ ಇಜ್ಜತ್ ಹೋತು. ಒಂದು ವಾರ ನೋಡ್ತೀನಿ. ಆಗಾಂಗಿಲ್ಲ ಅಂದ್ರೆ ಬ್ಯಾರೆ ಕಡೆ ತರಸ್ತೀನಿ."

ಅವರು ಹೋದ ಮೇಲೆ ಬಕ್ಕೇಶ್ ಚೂರುಗಳನ್ನು ಗುಡಿಸಿ ಮತ್ತೆ ಚೀಲಕ್ಕೆ ಹಾಕಿದರು. ಆಮೇಲೆ ಮುಂಬೈ ಕಂಪನಿಯೊಂದರ ಕಾಗದವನ್ನು ಡ್ರಾಯರಿನಿಂದ ತೆಗೆದರು. "ಬೆರೆಸಿದ ಪುಡೀನೇ ಚೀಲದಾಗೆ ತಯಾರು ಬರತೈತೆ. ಇನ್ನು ನಮ್ಮಲ್ಲಿ ಬೆರೆಸೋದೇ ಬ್ಯಾಡ. ಓಬವ್ವ, ನೀನು ಪ್ಯಾಕಿಂಗಿಗೆ ಬಂದುಬಿಡು," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಾಣಿ ಮೂಲೆಯಲ್ಲಿ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು.

ಪ್ಯಾಕಿಂಗ್ ಎಂದರೆ ಡಬ್ಬಿಗೆ ಟೇಪು ಅಂಟಿಸುವುದು. ಹದಿನೆಂಟು ವರ್ಷ ಕಲಿತದ್ದೆಲ್ಲ ಏನಾಗಬೇಕು? ಓಬವ್ವನಿಗೆ ಅತ್ತುಬಿಡೋಣ ಎನ್ನಿಸಿತು, ಆದರೆ ಅಳುವುದು ಅವಳ ಜಾಯಮಾನವಲ್ಲ.

"ಸಾವ್ಕಾರ್ರೇ, ತಪ್ಪು ಚೀಟೀದಷ್ಟೇ ಅಲ್ಲ, ನಂದೂ ಐತೆ," ಎಂದಳು. "ಡ್ರಮ್ಮು ತುಂಬಿದ್ದು ನಾನು ಕಣ್ಣಾರೆ ಕಂಡೆ. ಇದು ಕೆಡತೈತೆ ಅಂತ ಗೊತ್ತಾಗಿತ್ತು. ಹೇಳಲಿಲ್ಲ."

"ಯಾಕ ಹೇಳಲಿಲ್ಲ?" ಬಕ್ಕೇಶ್ ದನಿ ಏರಿಸಿದರು.

"ಜನ ಏನಂತಾರೋ ಅಂತ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ವಾರ ಕೊಟ್ಟಾರಲ್ಲ ಇಮಾಮ್ ಸಾಬ್ರು, ಆ ವಾರ ನನಗೆ ಕೊಡ್ರಿ. ಆಗಲಿಲ್ಲ ಅಂದ್ರೆ ನಾನೇ ಬೀಗದ ಕೈ ತಂದು ಟೇಬಲ್ ಮ್ಯಾಲೆ ಇಡ್ತೀನಿ."

ಬಕ್ಕೇಶ್ ಕಾಗದವನ್ನು ಹರಿಯಲೂ ಇಲ್ಲ, ಡ್ರಾಯರಿಗೆ ಹಾಕಲೂ ಇಲ್ಲ. ಮೇಜಿನ ಮೇಲೆ ಹಾಗೇ ಬಿಟ್ಟು "ಆತು, ಒಂದೇ ವಾರ" ಎಂದರು.

ಓಬವ್ವ ವಾಣಿಯನ್ನು ಕೈ ಹಿಡಿದು ತನ್ನ ಕೋಣೆಗೆ ಎಳೆದುಕೊಂಡು ಹೋದಳು. ತಕ್ಕಡಿಯಲ್ಲಿ ಒಂದು ಕೆಜಿ ಕಂಚಿನ ಪುಡಿ ತೂಗಿದಳು. ಅದು ಒಂದು ದೊಡ್ಡ ಲೋಟದಲ್ಲಿ ಹಿಡಿಯಿತು. ಆಮೇಲೆ ಒಂದು ಕೆಜಿ ಕಾರ್ಬನ್ ತೂಗಿದಳು. ಲೋಟ ತುಂಬಿತು, ಇನ್ನೊಂದು ಲೋಟ ತುಂಬಿತು, ಹೀಗೇ ಆರು ಲೋಟ ಸಾಲಾಗಿ ನಿಂತವು.

"ನೋಡ್ರಿ ಮೇಡಮ್ಮರೇ. ನಮ್ಮವ್ವ ಮಂಡಕ್ಕಿ ಭಟ್ಟಿಯಾಗೆ ಕೆಲಸ ಮಾಡ್ತಿದ್ಲು. ಅಲ್ಲಿ ಮಂಡಕ್ಕೀನ ಯಾರೂ ತೂಗಲ್ಲ, ಸೇರಿನಾಗೆ ಅಳೀತಾರೆ. ಒಂದು ಕೆಜಿ ಅಕ್ಕಿ ಹಿಡಿಯೋ ಡಬ್ಬಿಗೆ ಒಂದು ಕೆಜಿ ಮಂಡಕ್ಕಿ ತುಂಬ್ರಿ ನೋಡೋಣ? ರಿಂಗಿನೊಳಗೆ ಇವು ಕುಂತ್ಕಳೋದು ತೂಕದಾಗಲ್ಲ, ಜಾಗದಾಗೆ. ನಾವು ಕಾರ್ಬನ್ನಿಗೆ ಮನೆ ಪೂರ್ತಿ ಬಿಟ್ಟುಕೊಟ್ವಿ. ಟೆಫ್ಲಾನ್ ಕಣ ಒಂದನ್ನೊಂದು ಹಿಡಕಳಾಕೆ ಜಾಗಾನೇ ಇರಲಿಲ್ಲ. ಪಟಕ್ಕನ್ನದೇ ಇನ್ನೇನಂದೀತು?"

ವಾಣಿ ಲೋಟಗಳನ್ನೇ ನೋಡುತ್ತ ನಿಂತಳು. ಕಣ್ಣು ಒರೆಸಿಕೊಂಡಳು. "ಅಯ್ಯೋ, ಸಾಂದ್ರತೆ! ಪರೀಕ್ಷೆಯಾಗೆ ಎಷ್ಟು ಸಲ ಬರದೀನಿ ಇದನ್ನ!" ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ಒಂದು ಲೋಟ ಎತ್ತಿ ಅಲ್ಲಾಡಿಸಿ ಸೇರಿಸಿದಳು: "ಆದ್ರೆ ಅಕ್ಕಾ, ಲೋಟದ ಲೆಕ್ಕಾನೂ ಪೂರ್ತಿ ಸರಿಯಲ್ಲ. ಪುಡಿ ನಡುವೆ ಗಾಳಿ ಇರತೈತೆ, ಅಚ್ಚಿನಾಗೆ ಒತ್ತಿದ್ರೆ ಅದು ಹೋಗತೈತೆ. ಗಾಳಿ ಬಿಟ್ಟು ಲೆಕ್ಕ ಮಾಡ್ಬೇಕು."

"ಹೌದಾ? ಮಾಡು ಮತ್ತೆ!" ಎಂದಳು ಓಬವ್ವ. ಬಹುವಚನ ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ವಾಣಿ ಲೆಕ್ಕ ಮಾಡಿದಳು. ಹಳೇ ರಿಂಗಿನಲ್ಲಿ ಕಂಚು ಹಿಡಿದಿದ್ದ ಜಾಗ ಏಳರಲ್ಲಿ ಒಂದು ಪಾಲು. ಹೊಸದರಲ್ಲಿ ಕಾರ್ಬನ್ ಹಿಡಿದದ್ದು ಹತ್ತಿರ ಹತ್ತಿರ ಅರ್ಧ! ನಡುವೆ ಬಂದ ಬಕ್ಕೇಶ್, "ಗಟ್ಟಿ ಬೇಕಂದ್ರೆ ಗಾಜು ಹಾಕ್ರಲ್ಲ" ಎಂದರು. "ಉಕ್ಕಿನ ಸಿಲಿಂಡರ್ ಆಗಿದ್ರೆ ಗಾಜೇ ಹಾಕ್ತಿದ್ದೆ ಸಾವ್ಕಾರ್ರೇ. ಇದು ಅಲ್ಯೂಮಿನಿಯಂ, ಗಾಜು ಅದನ್ನ ತುರಿದು ಇಡತೈತೆ," ಎಂದು ಓಬವ್ವ ಅವರನ್ನು ಹೊರಗೆ ಕಳಿಸಿದಳು. ಕೊನೆಗೆ ನೂರು ಭಾಗದಲ್ಲಿ ಕಾರ್ಬನ್ ಹದಿನೈದು, ಜಾರಲು ಗ್ರಾಫೈಟ್ ಮೂರು, ಉಳಿದದ್ದು ಟೆಫ್ಲಾನ್ ಎಂದು ಗೊತ್ತುಮಾಡಿದರು. ಓಬವ್ವ ಎರಡು ಸಲ ಜರಡಿ ಹಿಡಿದು, ಕೈಯ ಬಿಸಿ ತಾಗದಂತೆ ಬೆರೆಸಿದಳು. ಓವನ್ನು ಆರುವ ತನಕ ಕಾಯುವುದೇ ಕಷ್ಟವಾಯಿತು. ಲೇತಿನಿಂದ ಬಂದ ಮೊದಲ ರಿಂಗನ್ನು ಎರಡೂ ಹೆಬ್ಬೆರಳಿಟ್ಟು ಅಗಲಿಸಿದಳು. ಬಾಗಿತು, ಬಿಟ್ಟರೆ ಮತ್ತೆ ಮೊದಲಿನಂತೆ ಕೂಡಿಕೊಂಡಿತು. ವಾಣಿ ಅವಳನ್ನು ತಬ್ಬಿಕೊಂಡು ಕುಣಿದೇಬಿಟ್ಟಳು.

ಇಮಾಮ್ ಸಾಬ್ ರಿಂಗು ಒಯ್ದರು. ಒಂದು ತಿಂಗಳು ಓಡಿಸಿ ನೋಡಿ, ಖುದ್ದಾಗಿ ಬಂದರು. "ಸಿಲಿಂಡರ್ ಬಿಚ್ಚಿ ಕೈ ಆಡಿಸಿದೆ. ಒಂದು ಗೀರಿಲ್ಲ. ಎಲ್ಲಾ ಗಿರಣಿಗೂ ಇದೇ ಇರಲಿ," ಎಂದು ಚಹಾ ಕುಡಿದು ಹೋದರು.

ಆದರೂ ಮುಂಬೈ ಕಾಗದ ಮೇಜಿನ ಮೇಲೆ ಇದ್ದೇ ಇತ್ತು. ಒಂದು ಸಲ ಸರಿಯಾಯಿತು, ಸರಿ. ಮುಂದೆ? ಓಬವ್ವ ದಿನಾ ಅದನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು. ಬಾಯಿಬಿಟ್ಟು ಕೇಳಲು ಧೈರ್ಯವಾಗಲಿಲ್ಲ.

ಮರು ವಾರ ಪಂಪಿನ ಬುಷ್ಷಿಗೆ ಹೊಸ ಚೀಟಿ ಬಂತು. ಓಬವ್ವ ಅದನ್ನು ಎರಡು ಸಲ ಓದಿದಳು. ಡ್ರಮ್ಮು ತಿರುಗುವ ಮೊದಲೇ ಕೋಣೆಯಿಂದ ಹೊರಗೆ ಬಂದು, "ನಿಲ್ಲಿಸ್ರೋ! ಈ ಚೀಟಿ ತಪ್ಪೈತೆ!" ಎಂದು ಕೂಗಿದಳು. ಲೇತು ನಿಂತವು. ಬಕ್ಕೇಶ್ ಚಪ್ಪಲಿ ಮೆಟ್ಟದೆ ಓಡಿಬಂದರು. ವಾಣಿ ಚೀಟಿ ತೆಗೆದುಕೊಂಡು ಎಲ್ಲರೆದುರು ಮೊದಲಿನಿಂದ ಲೆಕ್ಕ ಮಾಡಿದಳು. ಚೀಟಿ ಸರಿಯಾಗಿಯೇ ಇತ್ತು. ತಪ್ಪಿದ್ದು ಓಬವ್ವ.

ಲೇತಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಓಬವ್ವನ ಮುಖ ಕೆಂಪಾಯಿತು. ಆದರೆ ತಲೆ ತಗ್ಗಿಸಲಿಲ್ಲ.

"ನಗ್ರಿ, ನಗ್ರಿ. ನಾಳೇನೂ ಅನುಮಾನ ಬಂದ್ರೆ ನಾಳೇನೂ ಕೂಗ್ತೀನಿ," ಎಂದಳು.

ಬಕ್ಕೇಶ್ ನಗಲಿಲ್ಲ. ಒಳಗೆ ಹೋಗಿ ಮುಂಬೈಗೆ ಫೋನು ಹಚ್ಚಿದರು. ಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಕೇಳಿಸಿತು.

"ಇಲ್ಲ ಸ್ವಾಮಿ, ನಿಮ್ಮ ಪುಡಿ ಬ್ಯಾಡ. ಚಲೋ ಐತೆ, ಇಲ್ಲ ಅನ್ನಲ್ಲ. ಆದ್ರೆ ತಪ್ಪಾದ್ರೆ ನಿಮ್ಮ ಚೀಲ ಕೂಗಲ್ಲ ನೋಡ್ರಿ."